ಹುಣ್ಣಿಮೆ ಮರೆತ ಭೂಗೋಳದ ಮಾಷ್ಟ್ರು

ಸಹಕಾರಿ ಸಂಘದವರು ಕೊಟ್ಟ ಗೋಡೆ ಕ್ಯಾಲೆಂಡರಿನ ಬೆನ್ನ ಮೇಲೆ ನಾನು ಹದಿನೇಳು ಊರಿನ ಹೆಸರು ಬರೆದಿದ್ದೆ. ಕೊಲಂಬೊದಿಂದ ಶುರುವಾಗಿ ಯಾಲ ಕಾಡಿನ ಚಿರತೆಯವರೆಗೆ. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದವನಿಗೆ ಭೂಪಟ ಕಂಡರೆ ಕೈ ಸುಮ್ಮನಿರುವುದಿಲ್ಲ. ಅಡಿಕೆ ಸುಲಿಯುತ್ತಿದ್ದ ನನ್ನಾಕೆ ಎದ್ದು ಬಂದು, ಕನ್ನಡಕ ಏರಿಸಿ ಓದಿದಳು.

"ಇದೆಂತದ್ದು, ಪ್ರವಾಸವಾ, ಜನಗಣತಿಯಾ? ಹತ್ತು ದಿನಕ್ಕೆ ಹದಿನೇಳು ಊರು. ಊರೂರಿಗೆ ಬ್ಯಾಗು ಬಿಚ್ಚುವುದು, ಕಟ್ಟುವುದು. ನೀವು ಹೋಗಿ ಬನ್ನಿ, ನಾನಿಲ್ಲ."

ಅಲ್ಲಿಗೆ ನನ್ನ ಕೈಗೆ ರಬ್ಬರು ಬಂತು. ಶ್ರೀಲಂಕಾ ಪ್ರವಾಸದ ನನ್ನ ತಯಾರಿಯಲ್ಲಿ ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು.

ಪುಟ್ಟ ದ್ವೀಪ ಅನ್ನುವ ಮಾತಿಗೇ ನಾವೆಲ್ಲ ಮೊದಲು ಮೋಸ ಹೋಗುವುದು. 65,610 ಚದರ ಕಿ.ಮೀ. ಅಂದರೆ ನಮ್ಮ ಕರ್ನಾಟಕದ ಮೂರನೇ ಒಂದು ಪಾಲು. ಉತ್ತರ ತುದಿಯಿಂದ ದಕ್ಷಿಣ ತುದಿಗೆ ಸುಮಾರು 430 ಕಿ.ಮೀ. ಒಂದೇ ದಿನದಲ್ಲಿ ದಾಟಿಬಿಡಬಹುದು ಅನ್ನಿಸುತ್ತದೆ. ಆದರೆ ಸುಳ್ಯದಿಂದ ಮಡಿಕೇರಿಗೆ ಐವತ್ತು ಚಿಲ್ಲರೆ ಕಿ.ಮೀ. ಇದ್ದರೂ ಸಂಪಾಜೆ ಘಾಟಿ ಹತ್ತುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆಂದು ನಮಗೆ ಗೊತ್ತಿಲ್ಲವೇ? ಕ್ಯಾಂಡಿಯಿಂದ ನುವಾರ ಎಲಿಯಾಕ್ಕೆ ಎಂಬತ್ತು ಕಿ.ಮೀ. ಕೂಡ ಇಲ್ಲ, ಮೂರು ಗಂಟೆ ಹಿಡಿಯುತ್ತದೆ. ದ್ವೀಪದ ನಡುವೆ ಗುಡ್ಡಗಳ ಗುಂಪು ಕೂತಿದೆ, ಅತಿ ಎತ್ತರದ ಪಿದುರುತಲಗಲ 2,524 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಆರುನೂರು ಮೀಟರ್ ಹೆಚ್ಚು. ಅಲ್ಲಿ ನಕ್ಷೆಯ ಮೇಲೆ ಸ್ಕೇಲಿಟ್ಟು ಅಳೆದರೆ ಕೆಟ್ಟಿರಿ, ಗಂಟೆಯಲ್ಲಿ ಅಳೆಯಬೇಕು.

ಇದು ನನಗೆ ಗೊತ್ತಾದದ್ದು ಹತ್ತು ಸಾವಿರ ರೂಪಾಯಿ ಮುಂಗಡ ಕೊಟ್ಟ ಮೇಲೆ. ಹೆಸರು ಬೇಡ, ಒಬ್ಬ ಏಜೆಂಟರು ಐದು ರಾತ್ರಿಯ ಪ್ಯಾಕೇಜು ಹಿಡಿಸಿದ್ದರು. ರಾವಣನ ಗುಹೆ, ಸೀತೆಯ ಗುಡಿ, ಬುದ್ಧನ ಹಲ್ಲು, ಆನೆಮರಿ, ಸಮುದ್ರ ಎಲ್ಲವೂ ಅದರಲ್ಲಿತ್ತು. ರಾತ್ರಿ ಕೂತು ದಾರಿಯ ಗಂಟೆಗಳನ್ನು ಕೂಡಿಸಿದೆ. ವ್ಯಾನಿನೊಳಗೇ ಮೂವತ್ತನಾಲ್ಕು ಗಂಟೆ! ಬೆಳಿಗ್ಗೆ ಬೇಡವೆಂದು ಫೋನು ಮಾಡಿದೆ. ಮುಂಗಡ ಹೋಯಿತು. ಹೋದದ್ದು ಒಳ್ಳೆಯದೇ ಆಯಿತೆಂದು ನನ್ನಾಕೆಯ ಎದುರು ಹೇಳುತ್ತೇನೆ, ಒಳಗೊಳಗೆ ಇನ್ನೂ ಉರಿಯುತ್ತದೆ.

ಆಮೇಲೆ ಮಳೆಯ ಲೆಕ್ಕ. ಇಲ್ಲಿ ನನ್ನ ಹಳೆಯ ಪಾಠ ಕೆಲಸಕ್ಕೆ ಬಂತು. ಆ ದ್ವೀಪಕ್ಕೆ ಮಳೆಗಾಲ ಎರಡು. ಮೇಯಿಂದ ಸೆಪ್ಟೆಂಬರ್ ತನಕ ನೈಋತ್ಯ ಮಾರುತ. ನಮ್ಮ ಸುಳ್ಯದ ಹಂಚಿನ ಮೇಲೆ ಹೊಯ್ಯುವ ಅದೇ ಮಳೆ ನಮಗಿಂತ ಸ್ವಲ್ಪ ಮೊದಲೇ ಅಲ್ಲಿಗೆ ಬರುತ್ತದೆ. ಕೊಲಂಬೊ, ಗಾಲ್, ಗುಡ್ಡದ ಪಶ್ಚಿಮ ಮೈ ಆಗ ತೊಯ್ದು ತೊಪ್ಪೆ. ಗುಡ್ಡದ ಆಚೆ ಪೂರ್ವ ಕರಾವಳಿಯ ತ್ರಿಕೋಣಮಲೆಯಲ್ಲಿ ಅದೇ ಹೊತ್ತಿಗೆ ಒಣ ಬಿಸಿಲು. ಡಿಸೆಂಬರಿನಿಂದ ಫೆಬ್ರುವರಿಗೆ ಈಶಾನ್ಯ ಮಾರುತ ಬೀಸಿದಾಗ ಸರದಿ ತಿರುಗುತ್ತದೆ, ಪೂರ್ವ ಮತ್ತು ಉತ್ತರಕ್ಕೆ ಮಳೆ, ಪಶ್ಚಿಮ ಮತ್ತು ದಕ್ಷಿಣಕ್ಕೆ ಬಿಸಿಲು. ಅಕ್ಟೋಬರ್, ನವೆಂಬರಿನಲ್ಲಿ ಎಲ್ಲಿ ಬೇಕಾದರೂ ಸುರಿಯಬಹುದು. ಹಾಗಾಗಿ "ಶ್ರೀಲಂಕಾಕ್ಕೆ ಯಾವಾಗ ಹೋಗುವುದು" ಅಂತ ಯಾರಾದರೂ ಕೇಳಿದರೆ, "ಯಾವ ಮಗ್ಗುಲಿಗೆ" ಅಂತ ನಾನು ತಿರುಗಿ ಕೇಳುತ್ತೇನೆ. ಶಾಲೆಯ ರಜೆ ಸಿಕ್ಕಿತೆಂದು ಏಪ್ರಿಲ್ ನಡುವೆ ಹೊರಡುವವರಿಗೆ ಇನ್ನೊಂದು ಮಾತು: ನಾವು ಬಿಸು ಕಣಿ ಇಡುವ ಹೊತ್ತಿಗೇ ಅಲ್ಲಿ ಸಿಂಹಳೀಯರಿಗೂ ತಮಿಳರಿಗೂ ಹೊಸವರ್ಷ. ಅಂಗಡಿ ಮುಚ್ಚಿರುತ್ತವೆ, ಊರಿಗೆ ಹೋಗುವವರಿಂದ ಬಸ್ಸು ತುಂಬಿರುತ್ತದೆ. ನಾವು 2024ರ ಫೆಬ್ರುವರಿ 17ಕ್ಕೆ ಹೊರಡುವುದೆಂದಾಯಿತು.

ಊರುಗಳನ್ನು ಅಳಿಸುವ ಕೆಲಸ ಮಾತ್ರ ಮುಂದಕ್ಕೆ ಹೋಗಲಿಲ್ಲ. ಯಾವುದನ್ನು ಬಿಟ್ಟರೂ ಹೊಟ್ಟೆ ಕಿವುಚುತ್ತಿತ್ತು. ಆ ಗಂಟು ಬಿಡಿಸಿದ್ದು ನಮ್ಮೂರಿನ ಒಬ್ಬ ಹೆಂಗಸು.

ಸುಳ್ಯ, ಪುತ್ತೂರಿನ ಕಡೆಯವರಿಗೆ ಸಿಲೋನಿನವರು ಅಂದರೆ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಲಕ್ಷಗಟ್ಟಲೆ ಕೂಲಿಯವರು ಸಿಲೋನಿನ ಕಾಫಿ, ಟೀ ತೋಟಗಳಿಗೆ ಹೋದರು. 1948ರಲ್ಲಿ ಆ ದೇಶ ಸ್ವತಂತ್ರವಾದ ವರ್ಷವೇ ಬಂದ ಪೌರತ್ವ ಕಾನೂನು ಅವರಲ್ಲಿ ಬಹುಪಾಲು ಜನರನ್ನು ಯಾವ ದೇಶದವರೂ ಅಲ್ಲದಂತೆ ಮಾಡಿತು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಕೂತು ಹಂಚಿಕೊಂಡರು: 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ ಒಂದೂವರೆ ಲಕ್ಷವನ್ನು ಹತ್ತು ವರ್ಷದ ಮೇಲೆ ಅರ್ಧರ್ಧ ಮಾಡಿದರು. ಹಾಗೆ ಬಂದವರಲ್ಲಿ ಕೆಲವು ಸಾವಿರ ಜನ ನಮ್ಮ ದಕ್ಷಿಣ ಕನ್ನಡದಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಟ್ಯಾಪಿಂಗ್ ಕೆಲಸಕ್ಕೆ ಬಂದು ನೆಲೆಸಿದರು. ಅವರ ಮಕ್ಕಳು, ಮೊಮ್ಮಕ್ಕಳು ನನ್ನ ಕ್ಲಾಸಿನಲ್ಲಿ ಕೂತವರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು.

ಅಂಥ ಒಬ್ಬ ಹುಡುಗನ ಅಜ್ಜಿ ಈಕೆ. ಎಪ್ಪತ್ತು ದಾಟಿದೆ, ನಾನು ಅಕ್ಕ ಎಂದೇ ಕರೆಯುವುದು. ನಾವು ಹೊರಟ ಸುದ್ದಿ ಕೇಳಿ ಸಂಜೆ ಮನೆಗೆ ಬಂದರು. ಹುಟ್ಟಿದ್ದು ಮಸ್ಕೆಲಿಯಾ ಹತ್ತಿರದ ಟೀ ತೋಟದಲ್ಲಿ. 1974ರಲ್ಲಿ ತಲೈಮನ್ನಾರಿನಿಂದ ಹಡಗು ಹತ್ತಿ ರಾಮೇಶ್ವರಕ್ಕೆ, ಅಲ್ಲಿಂದ ಮಂಡಪಂ ಕ್ಯಾಂಪಿಗೆ, ಕೊನೆಗೆ ಸುಳ್ಯಕ್ಕೆ. ಜಗಲಿಯಲ್ಲಿ ಕೂತು ಚಾ ಕುಡಿದು, ಲೋಟ ಕೆಳಗಿಟ್ಟು ಹೇಳಿದರು:

"ಅಲ್ಲಿಂದ ಒಂದು ಪ್ಯಾಕೆಟ್ ಚಾಪುಡಿ ತನ್ನಿ ಮಾಷ್ಟ್ರೇ. ಡಸ್ಟ್ ಬೇಡ. ನಮಗೆ ಅಲ್ಲಿ ಕೊಡ್ತಿದ್ದದ್ದು ಡಸ್ಟೇ. ಒಳ್ಳೆದೆಲ್ಲ ಹಡಗು ಹತ್ತಿ ಹೋಗ್ತಿತ್ತು. ಹದಿಮೂರನೇ ವರ್ಷದಿಂದ ಎಲೆ ಕಿತ್ತವಳು ನಾನು, ಅದರ ರುಚಿ ಎಂತದ್ದು ಅಂತ ಒಂದು ದಿನ ನೋಡ್ಲಿಲ್ಲ."

ಮಸ್ಕೆಲಿಯಾ ನನ್ನ ಹದಿನೇಳರ ಪಟ್ಟಿಯಲ್ಲೇ ಇರಲಿಲ್ಲ. ಅದನ್ನು ಸೇರಿಸಿದ ಕೂಡಲೇ ಉಳಿದವು ತಾವಾಗಿ ಉದುರತೊಡಗಿದವು. ದಕ್ಷಿಣ ಕರಾವಳಿ ಪೂರ್ತಿ ಹೋಯಿತು; ಪೋರ್ಚುಗೀಸರು ಶುರು ಮಾಡಿ ಡಚ್ಚರು ಕಟ್ಟಿದ ಗಾಲ್ ಕೋಟೆ ಹೋದದ್ದು ಬೇಸರವೇ. ಯಾಲದ ಚಿರತೆ ಹೋಯಿತು, ನಮ್ಮ ನಾಗರಹೊಳೆಯಲ್ಲಿ ಇಲ್ಲವೇ. ಜಾಫ್ನಾವನ್ನು ಅಳಿಸುವಾಗ ಮಾತ್ರ ಪೆನ್ಸಿಲು ಎರಡು ಸಲ ನಿಂತಿತು. 1981ರಲ್ಲಿ ಸುಟ್ಟುಹೋಗಿ ಮತ್ತೆ ಎದ್ದ ಆ ಊರಿನ ಗ್ರಂಥಾಲಯ ನೋಡಬೇಕೆಂದು ಬಹಳ ಇತ್ತು. ಆದರೆ ಕೊಲಂಬೊದಿಂದ 400 ಕಿ.ಮೀ. ದೂರದ, ಇಪ್ಪತ್ತಾರು ವರ್ಷ ಯುದ್ಧ ಕಂಡ ಸೀಮೆಗೆ ಒಂದು ರಾತ್ರಿಗೆಂದು ಹೋಗಿ ಬರುವುದು ಮರ್ಯಾದೆಯಲ್ಲ. ಅದಕ್ಕೆ ಬೇರೆಯೇ ಪ್ರವಾಸ ಬೇಕು. 2023ರಿಂದ ನಾಗಪಟ್ಟಣದಿಂದ ಕಾಂಕೇಸನ್‌ತುರೈಗೆ ಹಡಗೂ ಶುರುವಾಗಿದೆ, ನಿಂತು ನಿಂತು ನಡೆಯುತ್ತಿದೆ. ಕೊನೆಗೆ ಉಳಿದದ್ದು ಆರು: ನೆಗೊಂಬೊ, ಸಿಗಿರಿಯಾ, ಪೊಲೊನ್ನರುವ, ಕ್ಯಾಂಡಿ, ಮಸ್ಕೆಲಿಯಾ, ಕೊಲಂಬೊ.

ಕಾಗದಪತ್ರದ ಕತೆ ಬೇಗ ಮುಗಿಸುತ್ತೇನೆ. ಆನ್‌ಲೈನಿನಲ್ಲಿ ಪ್ರವೇಶ ಪರವಾನಗಿ ಮಾಡಿಸಬೇಕು. ನಾವು ಹೋದಾಗ ಭಾರತೀಯರಿಗೆ ಶುಲ್ಕ ಇರಲಿಲ್ಲ, ಆದರೆ ಈ ನಿಯಮ ಆಗಾಗ ಬದಲಾಗುತ್ತದೆ. ಟಿಕೆಟ್ ತೆಗೆಯುವ ಮೊದಲು ಅವರ ಸರ್ಕಾರದ ಜಾಲತಾಣವನ್ನೇ ನೋಡಿ, ನೆಂಟರ ಮಾತು ಕೇಳಬೇಡಿ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಒಂದೂವರೆ ಗಂಟೆ, ಗಡಿಯಾರ ತಿರುಗಿಸುವ ಕೆಲಸವೂ ಇಲ್ಲ. ನಮ್ಮ ಒಂದು ರೂಪಾಯಿಗೆ ಆಗ ಅವರ ಮೂರೂವರೆ ರೂಪಾಯಿಗಿಂತ ಹೆಚ್ಚು ಸಿಗುತ್ತಿತ್ತು. ನಾವು ಹೊರಡುವ ಐದು ದಿನ ಮೊದಲು ಅಲ್ಲಿ ಯುಪಿಐ ಶುರುವಾಯಿತೆಂದು ಪತ್ರಿಕೆಯಲ್ಲಿ ಓದಿ ಧೈರ್ಯದಿಂದ ಇದ್ದೆ. ಗುಡ್ಡದ ಕಡೆಯ ಅಂಗಡಿಯಲ್ಲಿ ಮೊಬೈಲು ಎತ್ತಿ ತೋರಿಸಿದರೆ ಅಂಗಡಿಯವ ನನ್ನ ಮೊಮ್ಮಗಳ ಫೋಟೊ ನೋಡಿ ನಕ್ಕ. ನಗದು ಇರಲಿ. ಮತ್ತೊಂದು, ವಿಮಾನ ನಿಲ್ದಾಣ ಇರುವ ಕಟುನಾಯಕ ಕೊಲಂಬೊ ಅಲ್ಲ, ಮೂವತ್ತು ಕಿ.ಮೀ. ಆಚೆ, ನೆಗೊಂಬೊದ ಪಕ್ಕ. ಮೊದಲ ರಾತ್ರಿ ಅಲ್ಲೇ ಕಳೆದು ಬೆಳಿಗ್ಗೆ ಒಳನಾಡಿಗೆ ಹೊರಟರೆ ರಾಜಧಾನಿಯ ಟ್ರಾಫಿಕ್ಕೇ ಎದುರಾಗುವುದಿಲ್ಲ.

ಒಳನಾಡು ಅಂದರೆ ಒಣನಾಡು. ಸಿಂಹಳದ ಹಳೆಯ ರಾಜಧಾನಿಗಳಾದ ಅನುರಾಧಪುರ, ಪೊಲೊನ್ನರುವ ಎರಡೂ ಇರುವುದು ಮಳೆ ಕಡಿಮೆಯಿರುವ ಕಡೆ. ಅಲ್ಲಿ ಬದುಕಿದ್ದೇ ಕೆರೆಯ ಮೇಲೆ. ಕೆರೆಗೆ ಅವರು ವೆವ ಅನ್ನುತ್ತಾರೆ. ಹನ್ನೆರಡನೇ ಶತಮಾನದ ಪರಾಕ್ರಮಬಾಹು ಕಟ್ಟಿಸಿದ ಕೆರೆಗೆ ಸಮುದ್ರ ಎಂದೇ ಹೆಸರು. ಪರಾಕ್ರಮ ಸಮುದ್ರದ ಏರಿಯ ಮೇಲೆ ಸಂಜೆ ನಿಂತಾಗ ನನ್ನಾಕೆಗೆ ಶಾಂತಿಸಾಗರ ನೆನಪಾಯಿತು. ನನಗೆ ತೂಬು ಹುಡುಕುವ ಚಟ. ಇಷ್ಟು ನೀರು ನಿಂತರೆ ಅದರ ಒತ್ತಡಕ್ಕೆ ತೂಬು ಕಿತ್ತು ಹೋಗಬೇಕಲ್ಲ? ಅದಕ್ಕೆ ಅವರು ಬಹಳ ಹಿಂದೆಯೇ ಉಪಾಯ ಕಂಡುಕೊಂಡಿದ್ದರು. ಏರಿಯೊಳಗೆ ಬಾವಿಯಂಥ ಚೌಕದ ಗುಂಡಿ, ಹೆಸರು ಬಿಸೊಕೊಟುವ. ನೀರು ಮೊದಲು ಅದರೊಳಗೆ ಬಂದು ಸೊಕ್ಕಿಳಿಸಿಕೊಂಡು ಆಮೇಲೆ ಕಾಲುವೆಗೆ ಇಳಿಯುತ್ತದೆ. ಪೊಲೊನ್ನರುವಕ್ಕೆ ಹೋದವರೆಲ್ಲ ಗಲ್ ವಿಹಾರದ ಒಂದೇ ಬಂಡೆಯಲ್ಲಿ ಕಡೆದ ಬುದ್ಧರನ್ನು ನೋಡಿ ಬರುತ್ತಾರೆ. ಮಲಗಿದ ಬುದ್ಧ 14 ಮೀಟರ್ ಉದ್ದ, ತಲೆದಿಂಬು ತಲೆಯ ಭಾರಕ್ಕೆ ಒಂದಿಷ್ಟು ತಗ್ಗಿದಂತೆ ಕಲ್ಲಲ್ಲೇ ಮಾಡಿದ್ದಾರೆ. ನೋಡಲೇಬೇಕಾದದ್ದೇ. ಆದರೆ ಕೆರೆಯನ್ನೂ ನೋಡಿ ಬನ್ನಿ ಅನ್ನುವುದು ನನ್ನ ಹಠ.

ಸಿಗಿರಿಯಾದ ಕತೆಯೂ ಕೆರೆಯಿಂದಲೇ ಶುರು. ಐದನೇ ಶತಮಾನದಲ್ಲಿ ಕಸ್ಸಪ ತಂದೆ ಧಾತುಸೇನನನ್ನು ಹಿಡಿದು ಬಚ್ಚಿಟ್ಟ ಸಂಪತ್ತು ತೋರಿಸು ಅಂದನಂತೆ. ಮುದುಕ ತಾನು ಕಟ್ಟಿಸಿದ ಕಾಲವೆವಕ್ಕೆ ಕರೆದುಕೊಂಡು ಹೋಗಿ, ಬೊಗಸೆಯಲ್ಲಿ ನೀರೆತ್ತಿ, ನನ್ನ ಸಂಪತ್ತು ಇದೇ ಅಂದ. ಮಗ ಅವನನ್ನು ಕೊಲ್ಲಿಸಿದ. ಆಮೇಲೆ ತಮ್ಮನ ಭಯಕ್ಕೆ ಬಂಡೆಯ ನೆತ್ತಿಯ ಮೇಲೆ ಅರಮನೆ ಮಾಡಿ ಕೂತ. ಆ ಬಂಡೆಗೆ ಸುಮಾರು 1,200 ಮೆಟ್ಟಿಲು. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹತ್ತು ಗಂಟೆ ಮೇಲೆ ಬಂಡೆ ಕಾದ ಕಾವಲಿ. ಪಾಸ್‌ಪೋರ್ಟ್ ಕೈಯಲ್ಲಿರಲಿ, ಸಾರ್ಕ್ ದೇಶದವರಿಗೆ ಟಿಕೆಟ್ ದರ ಕಡಿಮೆ. ದಾರಿಯಲ್ಲಿ "ಸದ್ದು ಮಾಡಬೇಡಿ" ಎಂಬ ಫಲಕ ಇರುವುದು ದೇವರ ಭಕ್ತಿಗಲ್ಲ, ಮೇಲೆ ಕಟ್ಟಿರುವ ಹೆಜ್ಜೇನಿಗೆ.

ಅರ್ಧ ದಾರಿಯಲ್ಲಿ ಹೊಳಪಿನ ಒಂದು ಗೋಡೆ ಇದೆ, ಕನ್ನಡಿ ಗೋಡೆ ಅನ್ನುತ್ತಾರೆ. ಪಕ್ಕದ ಬಂಡೆಯ ಮೇಲೆ ಬರೆದ ಅಪ್ಸರೆಯರಂಥ ಹೆಂಗಸರ ಚಿತ್ರ ನೋಡಿ ಮರುಳಾದ ಎಂಟು, ಒಂಬತ್ತು, ಹತ್ತನೇ ಶತಮಾನದ ಪ್ರವಾಸಿಗಳು ಆ ಗೋಡೆಯ ಮೇಲೆ ಸಿಂಹಳದಲ್ಲಿ ಪದ್ಯ ಗೀಚಿ ಹೋಗಿದ್ದಾರೆ. ಸೆನರತ್ ಪರಣವಿತಾನ ಎಂಬ ವಿದ್ವಾಂಸರು 685 ಪದ್ಯಗಳನ್ನು ಓದಿ 1956ರಲ್ಲಿ ಅಚ್ಚು ಹಾಕಿಸಿದರು. ಕ್ಲಾಸಿನ ಬೆಂಚು ಕೊರೆದವರಿಗೆ ನಾನು ಎಷ್ಟು ಬೆತ್ತದ ಏಟು ಕೊಟ್ಟಿದ್ದೇನೋ. ಇಲ್ಲಿ ಅದೇ ಕೆಲಸ ಸಾಹಿತ್ಯ ಚರಿತ್ರೆಯಾಗಿದೆ. ನನ್ನಾಕೆ ಸಿಂಹದ ಪಂಜದ ತನಕ ಬಂದಳು. ಇಟ್ಟಿಗೆಯ ಎರಡು ದೊಡ್ಡ ಪಂಜ, ನಡುವೆ ಮೆಟ್ಟಿಲು. ಅವಳು ಒಂದು ಉಗುರಿನ ನೆರಳಲ್ಲಿ ಕೂತು, "ನೀವು ಹತ್ತಿ ಬನ್ನಿ, ನನಗೆ ಸಿಂಹ ಸಾಕು" ಅಂದಳು.

ಊಟದ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಅಲ್ಲಿ ಪರದೇಶ ಅನ್ನಿಸುವುದೇ ಇಲ್ಲ. ಬೆಳಿಗ್ಗೆ ಶ್ಯಾವಿಗೆ, ತೆಂಗಿನ ಹಾಲಿನ ಸಾರು. ಎಳೆ ಹಲಸಿನ ಪಲ್ಯವನ್ನು ಅವರು ಪೊಲೊಸ್ ಅನ್ನುತ್ತಾರೆ, ನಮ್ಮ ಗುಜ್ಜೆಯೇ, ಸ್ವಲ್ಪ ಹೆಚ್ಚು ಹುರಿದ ಮಸಾಲೆ ಹಾಕಿ ಕಪ್ಪಾಗುವ ತನಕ ಬೇಯಿಸುತ್ತಾರೆ. ಜೀಗುಜ್ಜೆಯೂ ಉಂಟು. ಊರೂರಿಗೆ ಹಲಸು ನೆಡಿಸಿದ ಆರ್ಥರ್ ಡಯಾಸ್ ಎಂಬವರನ್ನು ಅಲ್ಲಿ ಈಗಲೂ ಹಲಸಿನ ಮಾಮ ಅನ್ನುತ್ತಾರೆ. ಎಮ್ಮೆ ಮೊಸರು ಮಣ್ಣಿನ ಕುಡಿಕೆಯಲ್ಲಿ ಬರುತ್ತದೆ, ಮೇಲೆ ಬೈನೆ ಮರದ ರಸ ಕಾಯಿಸಿದ ಜೋನಿಬೆಲ್ಲ. ನಾನು ದಿನಕ್ಕೆರಡು ಕುಡಿಕೆ ಖಾಲಿ ಮಾಡಿದೆ. ಒಂದೇ ಎಚ್ಚರಿಕೆ. ಸೋಮವಾರ ನನ್ನಾಕೆ ಮೀನು ಮುಟ್ಟುವುದಿಲ್ಲ. ಬರೀ ಕಾಯಿಚಟ್ನಿ ಎಂದು ಪೊಲ್ ಸಂಬೋಲ್ ಬಡಿಸಿಕೊಂಡು ಎರಡು ತುತ್ತು ತಿಂದವಳು ಮೂಗು ಹಿಗ್ಗಿಸಿ ನನ್ನ ಮುಖ ನೋಡಿದಳು. ಅದರಲ್ಲಿ ಉಂಬಲಕಡ ಇತ್ತು: ಮಾಲ್ಡೀವ್ಸಿನ ಒಣಮೀನು, ಕಲ್ಲಿನಷ್ಟು ಗಟ್ಟಿ, ಜಜ್ಜಿ ಪುಡಿ ಮಾಡಿ ಚಟ್ನಿಗೆ, ಪಲ್ಯಕ್ಕೆ, ಎಲ್ಲದಕ್ಕೂ ಹಾಕುತ್ತಾರೆ. ಸಸ್ಯಾಹಾರಿಗಳು "ಉಂಬಲಕಡ ಎಪಾ" ಎಂಬ ಎರಡು ಶಬ್ದವನ್ನು ಬಾಯಿಪಾಠ ಮಾಡಿಕೊಂಡು ಹೋಗಬೇಕು. ಎಪಾ ಅಂದರೆ ಬೇಡ.

ಕ್ಯಾಂಡಿಯಲ್ಲಿ ಸಂಜೆಯ ಪೂಜೆಗೆ ದಂತ ದೇವಾಲಯಕ್ಕೆ ಹೋದೆವು. ಬುದ್ಧನ ಹಲ್ಲು ಕಾಣುವುದಿಲ್ಲ, ಅದನ್ನಿಟ್ಟ ಚಿನ್ನದ ಕರಂಡ ಕಾಣುತ್ತದೆ, ಅದೂ ಜನರ ತಲೆಯ ಮೇಲಿಂದ. ಎಲ್ಲರೂ ಬಿಳಿ ಬಟ್ಟೆ, ಕೈಯಲ್ಲಿ ನೈದಿಲೆ. ಭುಜ, ಮೊಣಕಾಲು ಮುಚ್ಚಿರಬೇಕು. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದರೆ ಕಾವಲಿನವರು ಬಂದು ತಿರುಗಿಸುತ್ತಾರೆ. ಈ ಊರಿನ ಕೊನೆಯ ರಾಜ ಮಧುರೆಯ ನಾಯಕರ ಮೂಲದವನು. 1815ರಲ್ಲಿ ಬ್ರಿಟಿಷರು ಹಿಡಿದು ನಮ್ಮ ಕಡೆಯ ವೆಲ್ಲೂರು ಕೋಟೆಗೆ ತಂದಿಟ್ಟರು, ಅಲ್ಲೇ ಸತ್ತ.

ಆ ರಾತ್ರಿಯೇ ನನ್ನ ಮಾನ ಹೋದದ್ದು. ಕ್ಯಾಂಡಿಯಿಂದ ಗುಡ್ಡ ಹತ್ತುವ ರೈಲು ಜಗತ್ತಿಗೇ ಹೆಸರಾದದ್ದು; ಸೀಟು ಕಾದಿರಿಸುವುದು ಮೂವತ್ತು ದಿನ ಮೊದಲು ಶುರು. ನಾನು ಸರಿಯಾಗಿ ಮೂವತ್ತನೇ ದಿನ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾದಿದ್ದೆ. ಕಣ್ಣು ಮಿಟುಕಿಸುವುದರಲ್ಲಿ ಮೂರೂ ದರ್ಜೆ ಭರ್ತಿ. ಯಾಕಪ್ಪಾ ಇಷ್ಟು ಜನ ಅಂತ ಆಗ ಹೊಳೆಯಲಿಲ್ಲ. ಕ್ಯಾಂಡಿಯಲ್ಲಿ ನಾವಿದ್ದ ಮನೆಯ ಯಜಮಾನರು ಗೋಡೆಯ ಕ್ಯಾಲೆಂಡರು ತೋರಿಸಿದರು. "ನಾಳೆ ಪೋಯ ಅಲ್ಲವೇ."

ಪೋಯ ಅಂದರೆ ಹುಣ್ಣಿಮೆ. ಆ ದೇಶದಲ್ಲಿ ಪ್ರತಿ ಹುಣ್ಣಿಮೆಯೂ ಸರ್ಕಾರಿ ರಜೆ. ಬ್ಯಾಂಕು, ಕಚೇರಿ ಬಂದ್. ಮದ್ಯ ಮಾರುವಂತಿಲ್ಲ, ಮಾಂಸದಂಗಡಿ ಮುಚ್ಚಿರುತ್ತದೆ, ದೇವಸ್ಥಾನದ ದಾರಿಯೆಲ್ಲ ಬೆಳ್ಳಗೆ. ನಾಳೆಯ ಫೆಬ್ರುವರಿ 23 ನವಂ ಪೋಯ, ಅದೂ ಶುಕ್ರವಾರ. ಶನಿವಾರ, ಭಾನುವಾರ ಸೇರಿ ಮೂರು ದಿನದ ರಜೆ. ದ್ವೀಪಕ್ಕೆ ದ್ವೀಪವೇ ರೈಲು ಹತ್ತಿದೆ. ಚಂದ್ರನ ಕಲೆಗಳನ್ನು ಚೆಂಡು, ಟಾರ್ಚು ಹಿಡಿದು ಮೂವತ್ತೊಂದು ವರ್ಷ ಮಕ್ಕಳಿಗೆ ತೋರಿಸಿದವನು ನಾನು. ಮಳೆ ನೋಡಿದೆ, ಗುಡ್ಡ ನೋಡಿದೆ, ಗಂಟೆ ನೋಡಿದೆ, ತಲೆಯೆತ್ತಿ ಚಂದ್ರನನ್ನು ನೋಡಲಿಲ್ಲ. ನನ್ನಾಕೆ ಏನೂ ಹೇಳಲಿಲ್ಲ. ಹೇಳಿದ್ದರೇ ವಾಸಿಯಿತ್ತು.

ಕಾದಿರಿಸದ ಮೂರನೇ ದರ್ಜೆಯಲ್ಲಿ ನಿಂತೇ ಹೋದೆವು. ಒಂದು ಸಿಂಹಳ ಸಂಸಾರ ಮಗುವನ್ನು ತೊಡೆಗೆ ಏರಿಸಿಕೊಂಡು ನನ್ನಾಕೆಗೆ ಜಾಗ ಮಾಡಿಕೊಟ್ಟಿತು. ನಾನು ಬಾಗಿಲ ಹತ್ತಿರ, ಒಂದು ಕಾಲಿನ ಮೇಲೆ. ನಾವಲಪಿಟಿಯ ದಾಟಿದ ಮೇಲೆ ಎಂಜಿನ್ನಿನ ದನಿ ಬದಲಾಯಿತು. 44 ಅಡಿ ಹೋದರೆ ಒಂದು ಅಡಿ ಏರುವ ಹಾದಿ ಅದು. ಈ ರೈಲು ಬಂದದ್ದು ಪ್ರವಾಸಿಗಳಿಗಲ್ಲ. 1867ರಲ್ಲಿ ಕ್ಯಾಂಡಿ ಮುಟ್ಟಿದಾಗ ಇಲ್ಲಿ ಇದ್ದದ್ದು ಟೀ ಕೂಡ ಅಲ್ಲ, ಕಾಫಿ. ಅದೇ ವರ್ಷ ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು ಲೂಲೆಕಂದೆರದಲ್ಲಿ ಟೀ ಗಿಡ ಹಾಕಿ ನೋಡಿದ. ಎರಡು ವರ್ಷಕ್ಕೆ ಕಾಫಿ ಎಲೆಗೆ ತುಕ್ಕುರೋಗ ಬಿತ್ತು. ಕೊಡಗಿನ ಬೆಳೆಗಾರರಿಗೂ ಆಮೇಲೆ ನಿದ್ದೆಗೆಡಿಸಿದ ಅದೇ ರೋಗ. ಸಿಲೋನಿನ ಕಾಫಿ ಪೂರ್ತಿ ನೆಲಕಚ್ಚಿ, ಗುಡ್ಡಕ್ಕೆ ಗುಡ್ಡವೇ ಟೀಗೆ ತಿರುಗಿತು. ಕೂಲಿಯವರು ಅವರೇ, ಗಿಡ ಮಾತ್ರ ಬೇರೆ. ಹಳಿ 1924ರ ಹೊತ್ತಿಗೆ ಬದುಲ್ಲ ತನಕ ಹೋಯಿತು. ಒಂದು ಮಾತು ಹೇಳಬೇಕು: 2025ರ ನವೆಂಬರ್ ಕೊನೆಗೆ ಬಂದ ದಿತ್ವಾ ಚಂಡಮಾರುತದ ಮಳೆಗೆ ಗುಡ್ಡ ಕುಸಿದು ಈ ಮಾರ್ಗಕ್ಕೆ ದೊಡ್ಡ ಪೆಟ್ಟು ಬಿದ್ದಿದೆ. ಹೊರಡುವ ಮುಂಚೆ ಎಲ್ಲಿಂದ ಎಲ್ಲಿಗೆ ಓಡುತ್ತಿದೆ ಎಂದು ವಿಚಾರಿಸಿಯೇ ಯೋಜನೆ ಹಾಕಿ.

ಹ್ಯಾಟನ್‌ನಲ್ಲಿ ಇಳಿದು ಕೆಂಪು ಬಸ್ಸು ಹಿಡಿದೆವು. ಬಸ್ಸಿನ ತುಂಬ ತಮಿಳು, ಜತೆಗೆ ಶ್ರೀಪಾದ ಹತ್ತಲು ಹೊರಟ ಸಿಂಹಳ ಯಾತ್ರಿಕರು. 2,243 ಮೀಟರಿನ ಆ ಶಿಖರದ ಬಂಡೆಯ ಮೇಲಿನ ಗುರುತು ಬೌದ್ಧರಿಗೆ ಬುದ್ಧನ ಹೆಜ್ಜೆ, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೂ ಕ್ರೈಸ್ತರಿಗೂ ಆದಮನದು. ಡಿಸೆಂಬರಿನ ಪೋಯದಿಂದ ಮೇ ಪೋಯದವರೆಗೆ ಹತ್ತುವ ಕಾಲ. ನಮಗೆ ಆ ಐದು ಸಾವಿರ ಚಿಲ್ಲರೆ ಮೆಟ್ಟಿಲಿನ ಆಸೆ ಇರಲಿಲ್ಲ. ರಾತ್ರಿ ಉಳಿದುಕೊಂಡ ಮನೆಯ ಅಂಗಳದಿಂದ ನೋಡಿದರೆ ತುಂಬು ಬೆಳದಿಂಗಳಲ್ಲಿ ಬೆಟ್ಟ ಕಪ್ಪಗೆ, ಬುಡದಿಂದ ತುದಿಗೆ ದೀಪದ ಒಂದೇ ದಾರ. ಹುಣ್ಣಿಮೆ ಮರೆತದ್ದಕ್ಕೆ ಸಿಕ್ಕ ಬಡ್ಡಿ ಅದು.

ಮರುದಿನ ತೋಟ ಹುಡುಕಿದೆವು. ಅಕ್ಕ ಹೇಳಿದ ಹೆಸರು ಯಾವ ನಕ್ಷೆಯಲ್ಲೂ ಇಲ್ಲ. ಇಲ್ಲಿನ ತೋಟಗಳಿಗೆ ದೊರೆಗಳು ಇಟ್ಟ ಇಂಗ್ಲಿಷ್ ಹೆಸರು ಒಂದು, ಕೂಲಿಯವರು ಕರೆಯುವ ತಮಿಳು ಹೆಸರು ಇನ್ನೊಂದು. ಫಲಕದಲ್ಲಿ ಮೊದಲನೆಯದು, ಬಾಯಲ್ಲಿ ಎರಡನೆಯದು. ಒಬ್ಬ ಆಟೊದವನು ಹೆಸರು ಕೇಳಿದ ಕೂಡಲೇ ಹತ್ತಿಸಿಕೊಂಡ. ದಾರಿಯಲ್ಲಿ ಮೌಸ್ಸಾಕೆಲೆ ಜಲಾಶಯ. ಅಕ್ಕ ಚಿಕ್ಕವರಿದ್ದಾಗ ಸಂತೆಗೆ ಬರುತ್ತಿದ್ದ ಹಳೆಯ ಮಸ್ಕೆಲಿಯಾ ಪೇಟೆ ಅದರ ಅಡಿಯಲ್ಲಿದೆ. ನೀರು ಬಹಳ ಇಳಿದ ವರ್ಷ ಹಳೆಯ ಕೋವಿಲಿನ ಕಲ್ಲು ಮೇಲೇಳುತ್ತದೆ. ಫೋಟೊ ತೆಗೆದು ತರುತ್ತೇನೆಂದು ಒಪ್ಪಿಕೊಂಡಿದ್ದೆ. ನಮಗೆ ನೀರು ಮಾತ್ರ ಕಂಡಿತು, ಅದನ್ನೇ ತೆಗೆದೆ.

ತೋಟದಲ್ಲಿ ಲೈನ್ ಮನೆಗಳು. ಕೊಡಗಿನಲ್ಲಿ ನಾವು ಹೇಳುವುದೂ ಇದೇ ಶಬ್ದ, ಕಾಣುವುದೂ ಹೀಗೇ: ಒಂದೇ ಮಾಡು, ಒಂದೇ ಗೋಡೆ, ಸಾಲಿಗೆ ಹತ್ತು ಬಾಗಿಲು. ನನ್ನ ಮುರುಕು ತಮಿಳಿನಲ್ಲಿ ಅಕ್ಕನ ತಂದೆಯ ಹೆಸರು ಹೇಳಿದೆ. ಚಾಪುಡಿಯ ಚೀಲ ಹೊಲಿಯುತ್ತಿದ್ದ ಒಬ್ಬ ಮುದುಕಿಗೆ ನೆನಪಿತ್ತು. "ಅವರು ಇಂಡಿಯಾಕ್ಕೆ ಹೋದವರು" ಅಂದು, ಸೂಜಿ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದಳು. "ಅಲ್ಲಿ ಮನೆ ಸ್ವಂತದ್ದಾ?"

ಕ್ವಾರ್ಟರ್ಸ್ ಅಂದೆ. ಅವಳು ತಲೆಯಾಡಿಸಿ ಮತ್ತೆ ಹೊಲಿಯತೊಡಗಿದಳು. 2021ರಲ್ಲಿ ನಿಗದಿಯಾದ ಅಲ್ಲಿನ ದಿನಗೂಲಿ ಅವರ ಒಂದು ಸಾವಿರ ರೂಪಾಯಿ, ನಾವು ಹೋದಾಗಲೂ ಅದೇ ಇತ್ತು. ನಮ್ಮ ಲೆಕ್ಕದಲ್ಲಿ ಮುನ್ನೂರೂ ಆಗುತ್ತಿರಲಿಲ್ಲ.

ಹತ್ತಿರದ ಫ್ಯಾಕ್ಟರಿ ನೋಡಲು ಬಿಟ್ಟರು. ಎಲೆಯನ್ನು ರಾತ್ರಿಯಿಡೀ ಗಾಳಿಗೆ ಬಾಡಿಸಿ, ಯಂತ್ರದಲ್ಲಿ ಹೊಸೆದು, ಹರಡಿ ಕೆಂಪಗಾಗಲು ಬಿಟ್ಟು, ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಕೊನೆಯಲ್ಲಿ ಜರಡಿ. ಒಂದರ ಕೆಳಗೊಂದು ಅಲುಗಾಡುವ ಜರಡಿಗಳು. ಮೇಲೆ ನಿಂತದ್ದು ದೊಡ್ಡ ಎಲೆಯ ದರ್ಜೆ, ನಡುವೆ ಬಿಓಪಿ ಅನ್ನುವ ಮುರಿದ ಎಲೆ, ಎಲ್ಲ ಜರಡಿಯೂ ಸೋಸಿ ಅಡಿಗೆ ಬಿದ್ದದ್ದು ಡಸ್ಟ್. ಅಕ್ಕನಿಗೆ ಬಿಓಪಿ ಕಾಲು ಕೆ.ಜಿ. ತೆಗೆದುಕೊಂಡೆ. ಕೊಲಂಬೊದಲ್ಲಿ ಮ್ಯೂಸಿಯಂಗೆ ಹೋಗಿ, 1409ರ ತಾರೀಖಿನ, ಚೀನಿ, ತಮಿಳು, ಪರ್ಷಿಯನ್ ಮೂರು ಭಾಷೆ ಕೆತ್ತಿದ ಗಾಲ್ ಶಾಸನ ನೋಡಿದೆವು. ನೋಡದೆ ಬಿಟ್ಟ ಗಾಲ್ ಅಷ್ಟಾದರೂ ಸಿಕ್ಕಿತು.

ಊರಿಗೆ ಬಂದ ಮೂರನೇ ದಿನ ಪ್ಯಾಕೆಟ್ ತೆಗೆದುಕೊಂಡು ಕಾಲೊನಿಗೆ ಹೋದೆ. ಹಾಲು ಹಾಕದೆ, ಕುದಿಸದೆ, ಬಿಸಿನೀರು ಹೊಯ್ದು ಮೂರು ನಿಮಿಷ ಬಿಡಬೇಕು ಎಂದು ಫ್ಯಾಕ್ಟರಿಯವರು ಹೇಳಿಕೊಟ್ಟದ್ದನ್ನು ಪಾಠ ಒಪ್ಪಿಸಿದೆ. ಅಕ್ಕ ಹೂಂ ಹೂಂ ಅಂದು, ಪಾತ್ರೆಗೆ ಪುಡಿ ಸುರಿದು, ಶುಂಠಿ ಜಜ್ಜಿ ಹಾಕಿ, ಹಾಲು ಹೊಯ್ದು, ಮೂರು ಸಲ ಉಕ್ಕಿಸಿದರು. ಎರಡು ಲೋಟ ಸೋಸಿದರು. ಒಂದು ಗುಟುಕು ಕುಡಿದು ಗೋಡೆ ನೋಡಿದರು, ಇನ್ನೊಂದು ಕುಡಿದರು.

"ಎಷ್ಟು ಕೊಟ್ಟಿರಿ ಮಾಷ್ಟ್ರೇ ಇದಕ್ಕೆ?"

ಹೇಳಿದೆ.

"ಡಸ್ಟೇ ಗಟ್ಟಿ ಇತ್ತು" ಅಂದರು. ಆಮೇಲೆ ಪ್ಯಾಕೆಟಿನ ಬಾಯಿಗೆ ರಬ್ಬರ್ ಬ್ಯಾಂಡು ಸುತ್ತಿ, ಡಬ್ಬದೊಳಗಿಟ್ಟು, ಮುಚ್ಚಳವನ್ನು ಅಂಗೈಯಿಂದ ಎರಡು ಸಲ ಒತ್ತಿ ಮೇಲಿನ ಅಟ್ಟಕ್ಕೆ ಇಟ್ಟರು.